ಉದುರಲಿ, ಆಮೇಲೆ ಹೆಕ್ಕೋಣ: ಗುಪ್ಪಟೆ ಹಣ್ಣಿನ ವಿಜ್ಞಾನ ಮತ್ತು ಬೇಸಾಯ



ಮಳೆಗಾಲ ಶುರುವಾಗಿ ಒಂದೆರಡು ತಿಂಗಳು ಕಳೆದರೆ ಹೊಲದ ಬದು, ತಿಪ್ಪೆಯ ಪಕ್ಕ, ಶಾಲೆಯ ಕಾಂಪೌಂಡಿನ ಮೂಲೆಯಲ್ಲಿ ಮೊಣಕಾಲೆತ್ತರದ ಒಂದು ಗಿಡ ಕಾಣಿಸುತ್ತೆ. ಎಲೆಯ ಕಂಕುಳಲ್ಲಿ ಹಸಿರು ಕಾಗದದ ಪುಟ್ಟ ಲಾಟೀನು ತೂಗುಹಾಕಿದ ಹಾಗಿರುತ್ತೆ. ಲಾಟೀನು ಬಿಡಿಸಿದರೆ ಒಳಗೆ ಗೋಲಿಗಿಂತ ಚಿಕ್ಕದಾದ ಒಂದು ಗುಂಡನೆಯ ಕಾಯಿ. ಇದೇ ಗುಪ್ಪಟೆ. ಕೆಲವು ಊರುಗಳಲ್ಲಿ ಬುಡ್ಡೆಹಣ್ಣು ಅಂತಲೂ ಕರೀತಾರೆ. ನಿಮ್ಮ ಮನೆಯಲ್ಲಿ ಬೇರೆ ಹೆಸರೇ ಇರಬಹುದು, ಅಜ್ಜಿಯನ್ನು ಕೇಳಿ ನೋಡಿ.

ಗಡಿಯಲ್ಲಿರುವ ನಮಗೆ ಒಂದು ಅನುಕೂಲ ಇದೆ. ಒಂದೇ ಗಿಡಕ್ಕೆ ಎರಡು ಮೂರು ಭಾಷೆಯ ಹೆಸರು ಕಿವಿಗೆ ಬೀಳುತ್ತೆ. ತಾಳವಾಡಿ, ಹೊಸೂರು, ನೀಲಗಿರಿಯ ಮಕ್ಕಳು ತಮಿಳಿನಲ್ಲಿ 'ಸೊಡಕ್ಕು ತಕ್ಕಾಳಿ' ಅನ್ನುವುದನ್ನು ಕೇಳಿರುತ್ತೀರಿ. ಸೊಡಕ್ಕು ಅಂದರೆ ಬೆರಳಿನ ನೆಟಿಕೆ, ತಕ್ಕಾಳಿ ಅಂದರೆ ಟೊಮೆಟೊ. ಕಾಸರಗೋಡು, ವಯನಾಡಿನವರು ಮಲಯಾಳಂನಲ್ಲಿ 'ಞೊಟ್ಟಾಞೊಡಿಯನ್' ಅಂತ ಕೇಳಿರುತ್ತೀರಿ. ಅಲ್ಲೂ ಞೊಟ್ಟ ಅಂದರೆ ನೆಟಿಕೆಯೇ. ತೆಲುಗಿನ 'ಬುಡ್ಡ' ಅನ್ನುವ ಹೆಸರು ಅದರ ಉಬ್ಬಿದ ಆಕಾರವನ್ನು ಹೇಳುತ್ತೆ. ಮರಾಠಿಯಲ್ಲಿ 'ಚಿರಬೋಟಿ' ಅನ್ನುತ್ತಾರೆ.

ತಮಿಳು, ಮಲಯಾಳಂ ಎರಡರಲ್ಲೂ ನೆಟಿಕೆ ಯಾಕೆ ಬಂತು? ಉಬ್ಬಿದ ಹಸಿರು ಲಾಟೀನನ್ನು ಹಣೆಗೆ ಹೊಡೆದರೆ 'ಟಪ್' ಅಂತ ಸದ್ದು ಬರುತ್ತಲ್ಲ, ಅದೇ ಕಾರಣ. ಒಳಗಿನ ಗಾಳಿ ಒಮ್ಮೆಲೇ ಒತ್ತಡಕ್ಕೆ ಸಿಕ್ಕಿ, ತೆಳು ಗೋಡೆಯನ್ನು ಹರಿದುಕೊಂಡು ಹೊರಗೆ ನುಗ್ಗುತ್ತೆ. ಆಗ ಹುಟ್ಟುವ ಸದ್ದು ಅದು. ಬಲೂನು ಒಡೆದಾಗ ಆಗುವುದೂ ಇದೇ.

ಆಟಕ್ಕೆ ಹಸಿರು ಲಾಟೀನು ಸರಿ. ಬಾಯಿಗೆ ಹಾಕಿಕೊಳ್ಳಲು ಮಾತ್ರ ಹಸಿರು ಕಾಯಿ ಬೇಡವೇ ಬೇಡ. ಯಾಕೆ ಅನ್ನುವುದನ್ನು ತಿಳಿಯುವುದಕ್ಕೂ, ಈ ಗಿಡವನ್ನು ಮನೆಯಂಗಳದಲ್ಲಿ ಬೆಳೆದು ಸರಿಯಾದ ಹೊತ್ತಿಗೆ ಹಣ್ಣು ಹೆಕ್ಕುವುದಕ್ಕೂ ಈ ಲೇಖನ.

ಟೊಮೆಟೊ, ಬದನೆಯ ನೆಂಟ

ಗುಪ್ಪಟೆಯ ಕುಲದ ವೈಜ್ಞಾನಿಕ ಹೆಸರು ಫೈಸಾಲಿಸ್. ಗ್ರೀಕ್ ಭಾಷೆಯಲ್ಲಿ 'ಫೈಸಾ' ಅಂದರೆ ಉಬ್ಬಿದ ಚೀಲ. ನಮ್ಮ ಬದುಗಳಲ್ಲಿ ತಾನಾಗಿ ಹುಟ್ಟುವುದು ಫೈಸಾಲಿಸ್ ಮಿನಿಮಾ, ಫೈಸಾಲಿಸ್ ಆಂಗ್ಯುಲೇಟಾ ಎಂಬ ಹೆಸರುಗಳಿಂದ ಕರೆಯುವ ಸಣ್ಣ ಹಣ್ಣಿನ ಗಿಡಗಳು. ಪೇಟೆಯಲ್ಲಿ ರಸಭರಿ ಅಥವಾ ಕೇಪ್ ಗೂಸ್‌ಬೆರಿ ಅಂತ ಮಾರುವ ದೊಡ್ಡ ಹಣ್ಣು ಫೈಸಾಲಿಸ್ ಪೆರುವಿಯಾನಾ. ನೀಲಗಿರಿಯಲ್ಲಿ ಇದು ಬೇಲಿಯ ಬದಿಯಲ್ಲೂ ತಾನೇ ಬೆಳೆಯುತ್ತೆ. ಮೆಕ್ಸಿಕೊದಲ್ಲಿ ಹಸಿರು ಚಟ್ನಿಗೆ ಬಳಸುವ ಟೊಮಟಿಯೊ ಎಂಬ ತರಕಾರಿಯೂ ಇದೇ ಕುಲದ್ದು.

ಈ ಕುಲದ ಬಹುಪಾಲು ಗಿಡಗಳ ತವರು ಅಮೆರಿಕ ಖಂಡಗಳು. ರಸಭರಿಯ ಮೂಲ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸಾಲು. ಅಲ್ಲಿಂದ ಆಫ್ರಿಕದ ದಕ್ಷಿಣ ತುದಿಯ ಕೇಪ್ ಪ್ರದೇಶಕ್ಕೆ ಹೋಗಿ, ಅಲ್ಲಿ ಬೇಸಾಯವಾಗಿ, ಆ ಊರಿನ ಹೆಸರನ್ನು ಹೊತ್ತುಕೊಂಡು ಬಂತು. ಹೆಸರಿನಲ್ಲಿ ಗೂಸ್‌ಬೆರಿ ಇದ್ದರೂ ನಮ್ಮ ನೆಲ್ಲಿಕಾಯಿಗೂ ಇದಕ್ಕೂ ನೆಂಟಸ್ತನ ಇಲ್ಲ. ನೆಂಟಸ್ತನ ಇರುವುದು ಟೊಮೆಟೊ, ಬದನೆ, ಆಲೂಗಡ್ಡೆ, ಮೆಣಸಿನಕಾಯಿಯ ಜೊತೆ. ಇವೆಲ್ಲ ಸೇರಿ ಸೊಲನೇಸಿ ಎಂಬ ಒಂದೇ ಕುಟುಂಬ. ಉಮ್ಮತ್ತಿ, ಹೊಗೆಸೊಪ್ಪು ಕೂಡ ಇದೇ ಮನೆತನದವು ಅನ್ನುವುದನ್ನು ಮರೆಯಬೇಡಿ. ಊಟ ಕೊಡುವ ಗಿಡಗಳೂ ವಿಷ ಇರುವ ಗಿಡಗಳೂ ಒಂದೇ ಕುಟುಂಬದಲ್ಲಿವೆ.

ಈ ಲಾಟೀನು ಎಷ್ಟು ಹಳೆಯದು ಗೊತ್ತಾ? ಅರ್ಜೆಂಟೀನಾ ದೇಶದ ಪಾಟಗೋನಿಯಾದಲ್ಲಿ ಲಾಟೀನಿನ ಸಮೇತ ಕಲ್ಲಿನಲ್ಲಿ ಅಚ್ಚಾದ ಫೈಸಾಲಿಸ್ ಹಣ್ಣಿನ ಪಳೆಯುಳಿಕೆಗಳು ಸಿಕ್ಕಿವೆ. ಅವುಗಳ ವಯಸ್ಸು ಸುಮಾರು 5 ಕೋಟಿ 20 ಲಕ್ಷ ವರ್ಷ. 2017ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದರ ವಿವರ ಪ್ರಕಟವಾಯಿತು. ಅಲ್ಲಿಯವರೆಗೆ ಈ ಗುಂಪು ಇದಕ್ಕಿಂತ ತುಂಬಾ ಈಚಿನದು ಅಂತ ವಿಜ್ಞಾನಿಗಳು ಅಂದಾಜು ಮಾಡಿದ್ದರು. ಕಾಗದದಷ್ಟು ತೆಳುವಾದ ಒಂದು ಹೊದಿಕೆ ಕಲ್ಲಿನಲ್ಲಿ ಉಳಿದು ಆ ಲೆಕ್ಕವನ್ನು ತಿದ್ದಿತು.

ಲಾಟೀನು ಅಂದರೆ ಏನು?

ಹೂವಿನ ಭಾಗಗಳನ್ನು ತರಗತಿಯಲ್ಲಿ ಕಲಿತಿದ್ದೀರಿ. ಹೊರಗಡೆ ಹಸಿರು ಪುಷ್ಪಪತ್ರಗಳು, ಅದರೊಳಗೆ ಬಣ್ಣದ ದಳಗಳು, ಆಮೇಲೆ ಕೇಸರಗಳು, ನಡುವೆ ಶಲಾಕೆ. ಬದನೆಕಾಯಿಯ ತೊಟ್ಟಿನ ಹತ್ತಿರ ಟೋಪಿಯ ಹಾಗೆ ಅಂಟಿಕೊಂಡಿರುವ ಹಸಿರು ಭಾಗ ನೋಡಿದ್ದೀರಲ್ವಾ? ಅದು ಪುಷ್ಪಪತ್ರವೇ. ಟೊಮೆಟೊದಲ್ಲೂ ನಕ್ಷತ್ರದ ಆಕಾರದಲ್ಲಿ ಅದು ಉಳಿದಿರುತ್ತೆ.

ಗುಪ್ಪಟೆಯಲ್ಲಿ ಈ ಪುಷ್ಪಪತ್ರಗಳು ಸುಮ್ಮನೆ ಉಳಿಯುವುದಿಲ್ಲ. 5 ಪುಷ್ಪಪತ್ರಗಳು ಬುಡದಲ್ಲಿ ಕೂಡಿಕೊಂಡಿರುತ್ತವೆ. ಹೂವು ಫಲಗೊಂಡ ಮೇಲೆ ಅವು ಒಟ್ಟಾಗಿ ಭರಭರನೆ ಬೆಳೆದು, ಕಾಯಿಯನ್ನು ಪೂರ್ತಿ ಒಳಗೆ ಹಾಕಿಕೊಂಡು, ತುದಿಯಲ್ಲಿ ಬಾಯಿ ಮುಚ್ಚಿಕೊಳ್ಳುತ್ತವೆ. ಹಾಗಾಗಿ ಲಾಟೀನು ಹಣ್ಣಿನ ಸಿಪ್ಪೆಯಲ್ಲ, ಹೂವಿನ ಭಾಗ. ಹಣ್ಣಿನ ನಿಜವಾದ ಸಿಪ್ಪೆ ಒಳಗಿನ ಗುಂಡು ಹಣ್ಣಿನ ಮೇಲಿನ ತೆಳು ಪೊರೆ.

ಲಾಟೀನಿನ ಕೆಲಸಗಳು ಹಲವು. ಮೊದಲನೆಯದು ಅಡುಗೆ. ಹಸಿರಾಗಿರುವಾಗ ಅದರಲ್ಲಿ ಪತ್ರಹರಿತ್ತು ಇರುತ್ತೆ, ಅಂದರೆ ಎಲೆಯ ಹಾಗೆ ದ್ಯುತಿಸಂಶ್ಲೇಷಣೆ ನಡೆಸಿ ಎಳೆ ಕಾಯಿಗೆ ಸಕ್ಕರೆ ಕೊಡುತ್ತೆ. ಎರಡನೆಯದು ಕಾವಲು. ಬಿಸಿಲಿನ ಝಳ, ಕೀಟ, ಹಕ್ಕಿಯ ಕೊಕ್ಕು ನೇರವಾಗಿ ಕಾಯಿಗೆ ತಾಗುವುದಿಲ್ಲ. ಮೂರನೆಯದು ನಮಗೆ ತುಂಬಾ ಉಪಯೋಗದ್ದು: ಲಾಟೀನಿನ ಬಣ್ಣ ಒಳಗಿನ ಹಣ್ಣಿನ ಸುದ್ದಿ ಹೇಳುತ್ತೆ. ಹಸಿರಿದ್ದರೆ ಒಳಗೆ ಕೆಲಸ ನಡೀತಿದೆ ಅಂತ ಅರ್ಥ. ಒಣಹುಲ್ಲಿನ ಬಣ್ಣಕ್ಕೆ ತಿರುಗಿದರೆ ಕೆಲಸ ಮುಗಿಯುತ್ತಾ ಬಂದಿದೆ ಅಂತ.

ಹಸಿರು ಕಾಯಿ ಯಾಕೆ ಬೇಡ?

ಬೀಜ ಬಲಿಯುವ ಮೊದಲೇ ಯಾರಾದರೂ ಕಾಯಿ ತಿಂದರೆ ಗಿಡಕ್ಕೆ ನಷ್ಟ. ಬೀಜ ಮೊಳೆಯುವುದೇ ಇಲ್ಲ. ಅದಕ್ಕೇ ಸೊಲನೇಸಿ ಕುಟುಂಬದ ಹಲವು ಗಿಡಗಳು ಎಲೆ, ಕಾಂಡ, ಎಳೆ ಕಾಯಿಗಳಲ್ಲಿ ಸೊಲನಿನ್ ಜಾತಿಯ ಆಲ್ಕಲಾಯ್ಡುಗಳನ್ನು ಇಟ್ಟುಕೊಂಡಿರುತ್ತವೆ. ಹಸಿರಿಗೆ ತಿರುಗಿದ ಆಲೂಗಡ್ಡೆ ತಿನ್ನಬಾರದು ಅಂತ ಮನೆಯಲ್ಲಿ ಹೇಳುವುದೂ ಇದೇ ಕಾರಣಕ್ಕೆ. ಗುಪ್ಪಟೆಯ ಎಲೆ, ಕಾಂಡ, ಲಾಟೀನು, ಹಸಿರು ಕಾಯಿ ಯಾವುದನ್ನೂ ತಿನ್ನಬಾರದು. ತಿಂದರೆ ಹೊಟ್ಟೆನೋವು, ವಾಂತಿ, ಭೇದಿ ಆಗಬಹುದು.

ಬೀಜ ಬಲಿತ ಮೇಲೆ ಲೆಕ್ಕಾಚಾರ ಬದಲಾಗುತ್ತೆ. ಈಗ ಯಾರಾದರೂ ಹಣ್ಣು ತಿಂದು ಬೀಜವನ್ನು ದೂರ ಒಯ್ಯಬೇಕು. ಆಗ ಕಹಿ ಇಳಿಯುತ್ತೆ, ಸಿಹಿ ಏರುತ್ತೆ, ಹಳದಿ ಬಣ್ಣ ಬರುತ್ತೆ, ಹಣ್ಣು ತಾನೇ ಕೆಳಗೆ ಬೀಳುತ್ತೆ. ಗಿಡ ಕೊಡುವ ಈ ಸೂಚನೆಗಳನ್ನೇ ನಾವು ನಿಯಮ ಮಾಡಿಕೊಳ್ಳೋಣ. ಇದಕ್ಕೆ ಮೂರು ಸಾಕ್ಷಿ ಬೇಕು:

1. ಹಣ್ಣು ತಾನಾಗಿ ಉದುರಿರಬೇಕು, ಇಲ್ಲವೇ ಮುಟ್ಟಿದ ಕೂಡಲೇ ಕೈಗೆ ಬರಬೇಕು.
2. ಲಾಟೀನು ಒಣಹುಲ್ಲಿನ ಬಣ್ಣಕ್ಕೆ ಬಂದು ಕಾಗದದ ಹಾಗೆ ಆಗಿರಬೇಕು.
3. ಬಿಡಿಸಿ ನೋಡಿದಾಗ ಒಳಗಿನ ಹಣ್ಣು ಹಳದಿಯಾಗಿರಬೇಕು.

ಮೂರರಲ್ಲಿ ಒಂದು ಸಾಕ್ಷಿ ತಪ್ಪಿದರೂ ತಿನ್ನಬೇಡಿ. ಗಾಳಿಗೆ, ಹುಳು ಬಿದ್ದು, ನೀರು ಸಾಲದೆ ಎಳೆ ಕಾಯಿಯೂ ಉದುರಬಹುದು. ಹಾಗಾಗಿ ಉದುರಿದ್ದು ಒಂದೇ ಸಾಲದು, ಬಣ್ಣವನ್ನೂ ನೋಡಬೇಕು. ಉದುರಿದ ಹಣ್ಣಿನಲ್ಲಿ ಇನ್ನೂ ಸ್ವಲ್ಪ ಹಸಿರು ಉಳಿದಿದ್ದರೆ ಲಾಟೀನಿನ ಸಮೇತ ಒಂದು ತಟ್ಟೆಯಲ್ಲಿ ಕೆಲವು ದಿನ ಇಡಿ. ಬಲಿತಿದ್ದರೆ ಹಳದಿಗೆ ತಿರುಗುತ್ತೆ. ತಿರುಗದಿದ್ದರೆ ಗೊಬ್ಬರದ ಗುಂಡಿಗೆ ಹಾಕಿ.

ಇದೇ ಗಿಡ ಅಂತ ಹೇಗೆ ಗುರುತಿಸೋದು?

ಲಾಟೀನು ಇರುವುದೆಲ್ಲ ಗುಪ್ಪಟೆಯಲ್ಲ. ಇದು ಈ ಲೇಖನದ ಅತಿ ಮುಖ್ಯ ಮಾತು, ನಿಧಾನವಾಗಿ ಓದಿ.

ಗುಪ್ಪಟೆಯಲ್ಲಿ ಒಂದು ಎಲೆಯ ಕಂಕುಳಲ್ಲಿ ಒಂದೇ ಹೂವು, ಒಂದೇ ಲಾಟೀನು. ಹೂವು ತಿಳಿ ಹಳದಿ, ತಲೆ ಕೆಳಗೆ ಮಾಡಿ ನೇತಾಡುತ್ತೆ. ಹಣ್ಣಾದಾಗ ಹಳದಿ. ರಸಭರಿಯ ಹೂವಿನಲ್ಲಿ ಹಳದಿಯ ನಡುವೆ ಕಡುಕಂದು ಚುಕ್ಕೆಗಳು ಇರುತ್ತವೆ, ಎಲೆ ಮಖಮಲ್ಲಿನ ಹಾಗೆ ಮೃದುವಾಗಿರುತ್ತೆ.

ಅಶ್ವಗಂಧವನ್ನು ಹಿರೇಮದ್ದಿನ ಗಿಡ ಅಂತಲೂ ಕರೆಯುತ್ತಾರೆ. ರಾಯದುರ್ಗ, ಮಡಕಶಿರಾ, ಸೊಲ್ಲಾಪುರದಂಥ ಒಣ ಸೀಮೆಯವರು ಇದನ್ನು ಚೆನ್ನಾಗಿ ತಿಳಿದಿರಬೇಕು. ಇದಕ್ಕೂ ಕಾಗದದ ಹೊದಿಕೆ ಉಂಟು. ಆದರೆ ಒಂದೇ ಕಡೆ ಹಲವು ಹಣ್ಣು ಗೊಂಚಲಾಗಿರುತ್ತವೆ, ಹಣ್ಣು ಕಿತ್ತಳೆಗೆಂಪು, ಗಿಡದ ಮೇಲೆಲ್ಲ ಬೂದು ಬಣ್ಣದ ನವಿರು ರೋಮ. ಬೇರನ್ನು ಔಷಧಿಗೆ ಬಳಸುತ್ತಾರೆ ಅಂತ ಹಣ್ಣನ್ನು ತಿನ್ನಬಾರದು.

ನೀಲಗಿರಿಯ ಕಡೆ ನಿಕಾಂಡ್ರಾ ಎಂಬ ಇನ್ನೊಂದು ಗಿಡ ಇದೆ. ಇದರ ಹೂವು ನೀಲಿ, ಹೊದಿಕೆಗೆ ಎದ್ದುಕಾಣುವ ಐದು ಏಣುಗಳು. ಇದೂ ತಿನ್ನುವುದಕ್ಕಲ್ಲ. ತಮಿಳಿನಲ್ಲಿ ಮುಡಕ್ಕತ್ತಾನ್ ಎನ್ನುವ ಬಳ್ಳಿಗೂ ಗಾಳಿ ತುಂಬಿದ ಹಸಿರು ಬುಡ್ಡೆಗಳಿವೆ. ಆದರೆ ಅದು ಹಬ್ಬುವ ಬಳ್ಳಿ, ಒಳಗೆ ರಸದ ಹಣ್ಣಿಲ್ಲ. ಬಿಳಿ ಹೃದಯದ ಗುರುತಿರುವ 3 ಕಪ್ಪು ಬೀಜ ಇರುತ್ತವೆ.

ಬದುವಿನಲ್ಲಿ ಕಂಡ ಗಿಡದ ಹಣ್ಣನ್ನು ಗಿಡ ಬಲ್ಲ ಹಿರಿಯರಿಗೆ ತೋರಿಸದೆ ತಿನ್ನಬೇಡಿ. ತಮ್ಮ, ತಂಗಿಯರಿಗೂ ಹೇಳಿಕೊಡಿ, ಅವರು ಬಣ್ಣ ನೋಡುವಷ್ಟು ತಾಳ್ಮೆ ಇರುವವರಲ್ಲ. ಯಾರಾದರೂ ಗೊತ್ತಿಲ್ಲದ ಕಾಯಿ ತಿಂದು ವಾಂತಿ, ತಲೆಸುತ್ತು ಶುರುವಾದರೆ ಮನೆಮದ್ದು ಮಾಡುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತಿಂದ ಗಿಡದ ಒಂದು ಕೊಂಬೆಯನ್ನು ಕಾಯಿ ಸಮೇತ ಜೊತೆಗೆ ಒಯ್ಯಿರಿ, ವೈದ್ಯರಿಗೆ ಗುರುತಿಸಲು ಸಹಾಯವಾಗುತ್ತೆ.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಶೇಂಗಾ, ಸೋಯಾ, ಹತ್ತಿ ಹೊಲದಲ್ಲಿ ಗುಪ್ಪಟೆಯನ್ನು ಕಳೆ ಅಂತ ಲೆಕ್ಕ ಹಾಕುತ್ತಾರೆ. ಕಳೆನಾಶಕ, ಕೀಟನಾಶಕ ಹೊಡೆದ ಹೊಲದ ಹಣ್ಣು ಎಷ್ಟೇ ಚಂದ ಇದ್ದರೂ ಬೇಡ. ಮನೆಯಲ್ಲೇ ಬೆಳೆದರೆ ಈ ಎರಡು ಭಯವೂ ಇಲ್ಲ. ಯಾವ ಗಿಡ, ಏನು ಹಾಕಿದೆವು ಅನ್ನುವುದು ನಮಗೇ ಗೊತ್ತಿರುತ್ತೆ.

ಬೀಜದಿಂದ ಸಸಿ

ಪೇಟೆಯಿಂದ ತಂದ ಒಂದು ರಸಭರಿ ಹಣ್ಣು ಸಾಕು. ಅದರಲ್ಲಿ 100ಕ್ಕೂ ಹೆಚ್ಚು ಬೀಜ ಇರುತ್ತವೆ. ಊರಿನ ಗುಪ್ಪಟೆಯಾದರೆ ಹಿರಿಯರು ಗುರುತಿಸಿಕೊಟ್ಟ ಗಿಡದ, ಉದುರಿದ ಹಳದಿ ಹಣ್ಣು ತನ್ನಿ.

ಹಣ್ಣನ್ನು ಒಂದು ಲೋಟದಲ್ಲಿ ಹಿಸುಕಿ, ಸ್ವಲ್ಪ ನೀರು ಹಾಕಿ, ಒಂದೆರಡು ದಿನ ಬಿಡಿ. ಬೀಜದ ಸುತ್ತ ಇರುವ ಲೋಳೆ ಹುಳಿತು ಸಡಿಲವಾಗುತ್ತೆ. ಆಮೇಲೆ ನೀರು ಹಾಕಿ ಕಲಕಿದರೆ ತಿರುಳು ಮೇಲೆ ತೇಲುತ್ತೆ, ಗಟ್ಟಿ ಬೀಜ ತಳಕ್ಕೆ ಇಳಿಯುತ್ತೆ. ಟೀ ಸೋಸುವ ಜಾಲರಿಯಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಕಾಗದದ ಪೊಟ್ಟಣದ ಮೇಲೆ ದಿನಾಂಕ, ಊರು ಬರೆದಿಡಿ.

ತೆಂಗಿನ ಚಿಪ್ಪು, ಹಳೆಯ ಮೊಸರಿನ ಡಬ್ಬಿ ಯಾವುದಾದರೂ ಆಗುತ್ತೆ, ತಳದಲ್ಲಿ ತೂತು ಇರಬೇಕು. 2 ಪಾಲು ಮಣ್ಣು, 1 ಪಾಲು ಮರಳು, 1 ಪಾಲು ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ ತುಂಬಿ. ಬೀಜವನ್ನು ಅರ್ಧ ಸೆಂಟಿಮೀಟರಿಗಿಂತ ಆಳಕ್ಕೆ ಹಾಕಬೇಡಿ. ಬೀಜ ತುಂಬಾ ಸಣ್ಣದು, ಅದರೊಳಗಿನ ಬುತ್ತಿಯೂ ಸಣ್ಣದು. ಆಳದಲ್ಲಿದ್ದರೆ ಬೆಳಕು ಮುಟ್ಟುವ ಮೊದಲೇ ಬುತ್ತಿ ಮುಗಿದುಹೋಗುತ್ತೆ. ನೀರನ್ನು ಸುರಿಯದೆ ಚಿಮುಕಿಸಿ. ಒಂದರಿಂದ ಎರಡು ವಾರದಲ್ಲಿ ಮೊಳಕೆ ಕಾಣುತ್ತೆ, ಚಳಿ ಇದ್ದರೆ ತಡವಾಗುತ್ತೆ.

ಸಸಿಗೆ 4–5 ನಿಜವಾದ ಎಲೆ ಬಂದು ಗೇಣುದ್ದ ಆದಾಗ ಕಿತ್ತು ನೆಡಬಹುದು. ಟೊಮೆಟೊ ಸಸಿಯ ಹಾಗೆ ಕಾಂಡದ ಸ್ವಲ್ಪ ಭಾಗವನ್ನೂ ಮಣ್ಣಿನೊಳಗೆ ಹೂಳಿ ನೆಡಿ. ಹೂಳಿದ ಕಾಂಡದಿಂದಲೂ ಬೇರು ಹೊರಡುತ್ತೆ, ಗಿಡ ಗಟ್ಟಿಯಾಗುತ್ತೆ. ಸಂಜೆ ಹೊತ್ತು ನೆಟ್ಟರೆ ಸಸಿ ಬಾಡುವುದು ಕಡಿಮೆ.

ನೆಲದಲ್ಲಾದರೆ ಸಣ್ಣ ಗುಪ್ಪಟೆಗೆ ಒಂದೂವರೆ ಅಡಿ, ರಸಭರಿಗೆ ಎರಡರಿಂದ ಮೂರು ಅಡಿ ಅಂತರ ಬೇಕು. ಜಾಗ ಇಲ್ಲದವರು 10 ಲೀಟರಿನ ಪೇಂಟ್ ಬಕೆಟ್ಟಿಗೆ ತಳದಲ್ಲಿ ತೂತು ಕೊರೆದು ಒಂದು ಗಿಡ ಬೆಳೆಸಬಹುದು. ದಿನಕ್ಕೆ ಕನಿಷ್ಠ 6 ಗಂಟೆ ಬಿಸಿಲು ಬೀಳುವ ಜಾಗ ಆರಿಸಿ. ಕಳೆದ ಬಾರಿ ಬದನೆ, ಟೊಮೆಟೊ, ಮೆಣಸು ಹಾಕಿದ್ದ ಪಾತಿ ಬೇಡ. ಒಂದೇ ಕುಟುಂಬದ ಗಿಡಗಳಿಗೆ ಬರುವ ರೋಗವೂ ಒಂದೇ, ಅದು ಮಣ್ಣಿನಲ್ಲಿ ಕಾದು ಕೂತಿರಬಹುದು.

ಯಾವ ಊರಲ್ಲಿ ಯಾವಾಗ?

ನಮ್ಮ ಪತ್ರಿಕೆ ಓದುವ ಶಾಲೆಗಳ ಹವಾಮಾನ ಒಂದೇ ತರ ಇಲ್ಲ. ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ. ಸೊಲ್ಲಾಪುರ, ರಾಯದುರ್ಗದ ಕಡೆ 500–600 ಮಿಲಿಮೀಟರಿನ ಆಸುಪಾಸು. ಹಾಗಿರುವಾಗ ಎಲ್ಲರಿಗೂ ಒಂದೇ ತಿಂಗಳು ಹೇಳಿದರೆ ತಪ್ಪಾಗುತ್ತೆ.

ಕಾಸರಗೋಡು, ವಯನಾಡು, ಗೋವಾದವರು ಜೋರು ಮಳೆಯಲ್ಲಿ ನೆಡಬೇಡಿ, ಬೇರು ಕೊಳೆಯುತ್ತೆ. ಆಗಸ್ಟಿನಲ್ಲಿ ಮಾಡಿನ ಕೆಳಗೆ ಸಸಿ ಮಾಡಿಕೊಂಡು, ಮಳೆ ಇಳಿದ ಮೇಲೆ ಸೆಪ್ಟೆಂಬರಿನಲ್ಲಿ ಏರಿಸಿದ ಪಾತಿಯಲ್ಲಿ ನೆಡಿ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಆದವಾನಿ, ರಾಯದುರ್ಗ, ಮಡಕಶಿರಾದವರು ಮುಂಗಾರಿನ ಮೊದಲ ಹದ ಮಳೆಗೇ ಬೀಜ ಹಾಕಿ. ನೆಟ್ಟ ಮೇಲೆ ಬುಡಕ್ಕೆ ಒಣಹುಲ್ಲು, ತೊಗರಿ ಹೊಟ್ಟು ಹೊದಿಸಿದರೆ ತೇವ ಉಳಿಯುತ್ತೆ. ಬೇಸಿಗೆಯ ಕಡುಬಿಸಿಲಲ್ಲಿ ಟೊಮೆಟೊದ ಹಾಗೆ ಇದರ ಹೂವೂ ಉದುರುತ್ತೆ, ಆ ಕಾಲ ಬಿಟ್ಟುಬಿಡಿ. ತಾಳವಾಡಿ, ಹೊಸೂರಿನವರಿಗೆ ಜೂನ್, ಜುಲೈ ಒಳ್ಳೆಯದು. ನೀಲಗಿರಿಯವರಿಗೆ ರಸಭರಿಯೇ ಸೂಕ್ತ. ಆದರೆ ಇಬ್ಬನಿ ಹೆಪ್ಪುಗಟ್ಟುವ ಚಳಿಯನ್ನು ಅದು ತಾಳುವುದಿಲ್ಲ. ಫೆಬ್ರವರಿ, ಮಾರ್ಚಿನಲ್ಲಿ ಬೀಜ ಹಾಕಿದರೆ ಡಿಸೆಂಬರಿನ ಚಳಿಗೆ ಮುಂಚೆ ಹಣ್ಣು ಕೈಗೆ ಸಿಗುತ್ತೆ.

ಆರೈಕೆ

ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗೆ ಚುಚ್ಚಿ ನೋಡಿ. ತೇವ ಇದ್ದರೆ ನೀರು ಬೇಡ, ಒಣಗಿದ್ದರೆ ಹಾಕಿ. ಒಂದು ವಾರ ಬಿಟ್ಟು ಒಮ್ಮೆಲೇ ಸುರಿದರೆ ಹಣ್ಣಿನ ಪೊರೆ ಬಿರಿಯುತ್ತೆ. ಗೊಬ್ಬರವನ್ನೂ ಅತಿ ಮಾಡಬೇಡಿ. ಸಾರಜನಕ ಜಾಸ್ತಿಯಾದರೆ ಗಿಡ ಸೊಪ್ಪಿನ ರಾಶಿ ಆಗುತ್ತೆ, ಹೂವು ಕಡಿಮೆ. ನೆಡುವಾಗ ಒಂದು ಬೊಗಸೆ, ಹೂ ಬಿಡುವಾಗ ಇನ್ನೊಂದು ಬೊಗಸೆ ಕಳಿತ ಗೊಬ್ಬರ ಸಾಕು. ರಸಭರಿಯ ಕೊಂಬೆ ಬಾಗುವುದರಿಂದ ಕೋಲು ಕೊಟ್ಟು ಸಡಿಲವಾಗಿ ಕಟ್ಟಿ.

ಈ ಹೂವುಗಳು ಸ್ವಕೀಯ ಪರಾಗಸ್ಪರ್ಶದಿಂದಲೇ ಕಾಯಿ ಕಟ್ಟಬಲ್ಲವು. ಹಾಗಾಗಿ ಒಂದೇ ಗಿಡ ಇದ್ದರೂ ಹಣ್ಣು ಸಿಗುತ್ತೆ. ಗಾಳಿ ಆಡದ ಜಾಗದಲ್ಲಿದ್ದರೆ ಬೆಳಗ್ಗೆ ಹೊತ್ತು ಕೊಂಬೆಯನ್ನು ಮೆಲ್ಲಗೆ ತಟ್ಟಿ, ಪರಾಗ ಉದುರುತ್ತೆ.

ಎಲೆ ಜಾಲರಿಯ ಹಾಗೆ ಆಗಿದ್ದರೆ ಎಪಿಲಾಕ್ನಾ ದುಂಬಿ ಬಂದಿದೆ ಅಂತ ಅರ್ಥ. ಕಂದುಗೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕೆ ಇರುವ ಪುಟ್ಟ ದುಂಬಿ, ಬದನೆಯಲ್ಲೂ ನೋಡಿರುತ್ತೀರಿ. ಎಲೆಯ ಅಡಿಯಲ್ಲಿ ಮುಳ್ಳುಮುಳ್ಳಾದ ಹಳದಿ ಮರಿಹುಳುಗಳು ಇರುತ್ತವೆ. ಬೆಳಗ್ಗೆ ಹೆಕ್ಕಿ ಸೋಪಿನ ನೀರಿಗೆ ಹಾಕಿ. ಲಾಟೀನಿನಲ್ಲಿ ದುಂಡು ತೂತು ಕಂಡರೆ ಕಾಯಿಕೊರಕ ಒಳಗೆ ಹೋಗಿದೆ, ಅಂಥದನ್ನು ತೆಗೆದುಬಿಡಿ. ಬಿಳಿನೊಣ ಹೆಚ್ಚಾದರೆ 1 ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ಸ್ವಲ್ಪ ಸೋಪು ಬೆರೆಸಿ ಸಂಜೆ ಹೊತ್ತು ಎಲೆಯ ಅಡಿಗೆ ಸಿಂಪಡಿಸಬಹುದು.

ಕೊಯ್ಲು ಅಲ್ಲ, ಹೆಕ್ಕುವಿಕೆ

ಹಣ್ಣು ಹೇಗೆ ತಾನಾಗಿ ಉದುರುತ್ತೆ? ಬರೀ ಭಾರಕ್ಕೆ ಅಲ್ಲ. ತೊಟ್ಟಿನ ಒಂದು ಕಡೆ ಕೆಲವೇ ಸಾಲು ಜೀವಕೋಶಗಳ ಒಂದು ಬೇರ್ಪಡುವ ಪದರ ಇರುತ್ತೆ. ಕಾಯಿ ಬೆಳೆಯುತ್ತಿರುವಾಗ ಅದರಿಂದ ಆಕ್ಸಿನ್ ಎಂಬ ಹಾರ್ಮೋನು ತೊಟ್ಟಿನ ಕಡೆಗೆ ಹರಿಯುತ್ತಿರುತ್ತೆ. ಅಲ್ಲಿಯವರೆಗೆ ಪದರ ಗಟ್ಟಿ. ಹಣ್ಣಾಗುವಾಗ ಆಕ್ಸಿನ್ ಇಳಿಯುತ್ತೆ, ಎಥಿಲೀನ್ ಎಂಬ ಅನಿಲದ ಪ್ರಭಾವ ಹೆಚ್ಚುತ್ತೆ. ಆಗ ಆ ಪದರದ ಜೀವಕೋಶಗಳು ಕಿಣ್ವಗಳನ್ನು ಬಿಡುಗಡೆ ಮಾಡಿ, ತಮ್ಮನ್ನು ಒಂದಕ್ಕೊಂದು ಅಂಟಿಸಿದ್ದ ಪೆಕ್ಟಿನನ್ನು ಕರಗಿಸುತ್ತವೆ. ಗೋಡೆಯ ಇಟ್ಟಿಗೆ ಹಾಗೇ ಇದ್ದು ನಡುವಿನ ಗಾರೆ ಮಾತ್ರ ಕರಗಿದ ಹಾಗೆ. ಆಮೇಲೆ ಸಣ್ಣ ಗಾಳಿ ಸಾಕು.

ಹತ್ತನೆಯ ತರಗತಿಯವರು ಆಬ್ಸಿಸಿಕ್ ಆಮ್ಲದ ಹೆಸರು ಓದಿರುತ್ತೀರಿ. ಉದುರುವಿಕೆಯ ಅಧ್ಯಯನದಿಂದಲೇ ಅದಕ್ಕೆ ಆ ಹೆಸರು ಬಂದದ್ದು. ಆದರೆ ಉದುರುವಿಕೆಗೆ ಮುಖ್ಯ ಪ್ರೇರಕ ಎಥಿಲೀನ್ ಅಂತ ಮುಂದೆ ತಿಳಿಯಿತು. ಹೆಸರು ಮಾತ್ರ ಹಾಗೇ ಉಳಿಯಿತು.

ಈಗ ಗೊತ್ತಾಯಿತಲ್ಲ, ಹಸಿರು ಲಾಟೀನನ್ನು ಎಳೆದು ಕಿತ್ತರೆ ನಾವು ಗಿಡದ ಲೆಕ್ಕವನ್ನು ಅರ್ಧದಲ್ಲೇ ನಿಲ್ಲಿಸಿದ ಹಾಗೆ. ಕೊಂಬೆಯೂ ಹರಿಯುತ್ತೆ. ಅದರ ಬದಲು ಗಿಡದ ಕೆಳಗೆ ಒಣಹುಲ್ಲು ಅಥವಾ ಹಳೆಯ ಬಟ್ಟೆ ಹಾಸಿ. ದಿನಾ ಬೆಳಗ್ಗೆ ಬಿದ್ದದ್ದನ್ನು ಹೆಕ್ಕಿ. ಎರಡು ಮೂರು ದಿನ ಬಿಟ್ಟರೆ ಇರುವೆ, ಇಲಿ ಮೊದಲು ಬರುತ್ತವೆ, ಒದ್ದೆ ನೆಲದಲ್ಲಿ ಬೂಷ್ಟು ಹಿಡಿಯುತ್ತೆ. ರಸಭರಿ ಎಲ್ಲವೂ ಉದುರುವುದಿಲ್ಲ. ಲಾಟೀನು ಒಣಗಿದ ಮೇಲೆ ಬೆರಳಿನಿಂದ ಮೆಲ್ಲಗೆ ಎತ್ತಿ ನೋಡಿ, ಬಂದರೆ ತೆಗೆದುಕೊಳ್ಳಿ, ಬರದಿದ್ದರೆ ಬಿಡಿ.

ಮನೆಗೆ ಅನುಕೂಲವಾದ ಈ ಉದುರುವ ಗುಣ ದೊಡ್ಡ ಬೇಸಾಯಗಾರರಿಗೆ ತಲೆನೋವು. ಎಕರೆಗಟ್ಟಲೆ ಹೊಲದಲ್ಲಿ ನೆಲದಿಂದ ಹೆಕ್ಕುವವರು ಯಾರು? ಗಿಡ ಅಡ್ಡಾದಿಡ್ಡಿ ಹರಡುವುದು, ಹಣ್ಣು ಚಿಕ್ಕದಿರುವುದು ಬೇರೆ ತೊಂದರೆಗಳು. 2018ರಲ್ಲಿ ಅಮೆರಿಕದ ವಿಜ್ಞಾನಿಗಳು ಟೊಮೆಟೊದಲ್ಲಿ ಗೊತ್ತಿದ್ದ ವಂಶವಾಹಿಗಳನ್ನೇ ಹೋಲುವ ವಂಶವಾಹಿಗಳನ್ನು ಫೈಸಾಲಿಸ್‌ನಲ್ಲಿ ಹುಡುಕಿ, ಕ್ರಿಸ್ಪರ್ ತಂತ್ರದಿಂದ ತಿದ್ದಿ, ಗಿಡವನ್ನು ಒತ್ತಾಗಿಸಿ ಹಣ್ಣನ್ನು ದಪ್ಪ ಮಾಡಿ ತೋರಿಸಿದರು. ನೆಂಟಸ್ತನ ತಿಳಿದಿದ್ದರಿಂದ ಆದ ಲಾಭ ಇದು.

ತಿನ್ನುವುದು, ಇಡುವುದು

ತಿನ್ನುವ ಮೊದಲು ಲಾಟೀನು ಬಿಡಿಸಿ ಹಣ್ಣನ್ನು ತೊಳೆಯಿರಿ, ಮೇಲೆ ಅಂಟಂಟಾದ ಒಂದು ಲೇಪ ಇರುತ್ತೆ. ಹುಳಿಸಿಹಿ ರುಚಿ, ಹಾಗೇ ತಿನ್ನಬಹುದು. ಹೆಚ್ಚು ಸಿಕ್ಕರೆ ಬೆಲ್ಲ ಹಾಕಿ ಗೊಜ್ಜು, ಜಾಮ್ ಮಾಡಬಹುದು. ಇಡುವುದಾದರೆ ಲಾಟೀನು ಬಿಡಿಸದೆ ಗಾಳಿಯಾಡುವ ಬುಟ್ಟಿಯಲ್ಲಿ ಒಂದೇ ಪದರವಾಗಿ ಹರಡಿ ತಂಪು ಜಾಗದಲ್ಲಿಡಿ, ವಾರಗಟ್ಟಲೆ ಇರುತ್ತೆ.

ಈ ಹಣ್ಣಿನಲ್ಲಿ ಸಿ ಜೀವಸತ್ವ, ಕೆರೋಟಿನ್, ನಾರು ಇವೆ. ಆದರೆ ಸಕ್ಕರೆ ಕಾಯಿಲೆ, ಕ್ಯಾನ್ಸರ್ ಎಲ್ಲ ವಾಸಿ ಆಗುತ್ತೆ ಅಂತ ಮೊಬೈಲಿನಲ್ಲಿ ಸಂದೇಶ ಬಂದರೆ ನಂಬಬೇಡಿ. ಹಣ್ಣು ಹಣ್ಣೇ, ಮಾತ್ರೆಯಲ್ಲ. ಆ ಸಂದೇಶ ನಂಬಿ ಮನೆಯಲ್ಲಿ ಯಾರೂ ಔಷಧಿ ನಿಲ್ಲಿಸದ ಹಾಗೆ ನೋಡಿಕೊಳ್ಳಿ.

ಮಾಡಿ ನೋಡಿ

ಪ್ರಯೋಗ 1: ಹೂವು ಅರಳಿದ ದಿನವೇ ತೊಟ್ಟಿಗೆ ಬಣ್ಣದ ನೂಲು ಸಡಿಲವಾಗಿ ಕಟ್ಟಿ, ದಿನಾಂಕ ಬರೆಯಿರಿ. ಲಾಟೀನು ಮುಚ್ಚಿದ ದಿನ, ಬಣ್ಣ ತಿರುಗಿದ ದಿನ, ಉದುರಿದ ದಿನ ದಾಖಲಿಸಿ. ಕನಿಷ್ಠ 10 ಹೂವಿಗೆ ಮಾಡಿ ಸರಾಸರಿ ತೆಗೆಯಿರಿ. ಸಣ್ಣ ಗುಪ್ಪಟೆಗಿಂತ ರಸಭರಿ ಹೆಚ್ಚು ದಿನ ತೆಗೆದುಕೊಳ್ಳುತ್ತೆ. ಎಷ್ಟು ಹೆಚ್ಚು ಅನ್ನುವುದನ್ನು ನಿಮ್ಮ ಊರಿನ ಗಿಡವೇ ಹೇಳಲಿ.

ಪ್ರಯೋಗ 2: ಒಂದೇ ಗಿಡದಲ್ಲಿ ಒಂದೇ ವಯಸ್ಸಿನ 10 ಎಳೆ ಲಾಟೀನು ಆರಿಸಿ. 5ರ ಹೊದಿಕೆಯನ್ನು ಕತ್ತರಿಯಿಂದ ಜಾಗ್ರತೆಯಾಗಿ ತೆಗೆಯಿರಿ, 5 ಹಾಗೇ ಇರಲಿ. ಹಣ್ಣಾದ ಮೇಲೆ ಶಾಲೆಯ ತಕ್ಕಡಿಯಲ್ಲಿ ತೂಗಿ. ಲಾಟೀನು ಕಾಯಿಗೆ ಆಹಾರ ಕೊಡುತ್ತೆ ಅಂತ ಮೇಲೆ ಹೇಳಿದೆ, ಅದನ್ನು ನಿಮ್ಮ ಅಂಕಿಗಳಿಂದ ಪರೀಕ್ಷಿಸಿ.

ಪ್ರಯೋಗ 3: ಹಣ್ಣಾದ 10 ಗುಪ್ಪಟೆಗಳಲ್ಲಿ 5ಕ್ಕೆ ಲಾಟೀನು ಇರಲಿ, 5ಕ್ಕೆ ಬೇಡ. ಒಂದೇ ಕೋಣೆಯಲ್ಲಿ ಇಟ್ಟು ಯಾವುದು ಮೊದಲು ಸುಕ್ಕುಗಟ್ಟುತ್ತೆ, ಬೂಷ್ಟು ಹಿಡಿಯುತ್ತೆ ನೋಡಿ. ಬೂಷ್ಟು ಹಿಡಿದದ್ದನ್ನು ತಿನ್ನಬೇಡಿ.

ಪ್ರಯೋಗ 4: ಲಾಟೀನಿನ ಸಮೇತ ಒಂದು ಹಣ್ಣನ್ನೂ ಲಾಟೀನು ತೆಗೆದ ಒಂದನ್ನೂ ಬಕೆಟ್ ನೀರಿಗೆ ಹಾಕಿ. ಯಾವುದು ಎಷ್ಟು ಹೊತ್ತು ತೇಲುತ್ತೆ? ಮಳೆನೀರು ಹರಿಯುವ ಹಳ್ಳದ ಪಕ್ಕದ ಗಿಡಕ್ಕೆ ಇದರಿಂದ ಏನು ಲಾಭ ಇರಬಹುದು ಅಂತ ಯೋಚಿಸಿ.

ವಹಿಯಲ್ಲಿ ಮೊದಲ ಪುಟದ ಮೇಲೆ ಗಿಡದ ಹೆಸರು ಬರೆಯುವಾಗ ವೈಜ್ಞಾನಿಕ ಹೆಸರಿನ ಜೊತೆಗೆ ನಿಮ್ಮ ಮನೆಯಲ್ಲಿ ಹೇಳುವ ಕನ್ನಡ ಹೆಸರು, ಪಕ್ಕದ ಮನೆಯವರು ಹೇಳುವ ತಮಿಳು, ಮಲಯಾಳಂ, ತೆಲುಗು, ಮರಾಠಿ ಅಥವಾ ಕೊಂಕಣಿ ಹೆಸರನ್ನೂ ಬರೆಯಿರಿ. ಅಪಾಯದ ಗಿಡ ಯಾವುದು, ತಿನ್ನುವ ಗಿಡ ಯಾವುದು ಅಂತ ಹಿರಿಯರು ನಮಗೆ ಹೇಳುವುದು ಈ ಹೆಸರುಗಳಲ್ಲೇ. ಹೆಸರು ಗೊತ್ತಿಲ್ಲದ ಮಗುವಿಗೆ ಆ ಎಚ್ಚರಿಕೆ ಅರ್ಥವಾಗುವುದಿಲ್ಲ. ಈ ಸಲ ಅಂಗಳದ ಕಳೆ ಕೀಳುವಾಗ ಒಂದು ಗುಪ್ಪಟೆ ಗಿಡ ಕಂಡರೆ ಹಿರಿಯರಿಗೆ ತೋರಿಸಿ, ಗುರುತು ಖಚಿತ ಮಾಡಿಕೊಂಡು, ಅದರ ಪಕ್ಕ ಒಂದು ಕೋಲು ನೆಟ್ಟು ಉಳಿಸಿಕೊಳ್ಳಿ. ಮೊದಲ ಲಾಟೀನು ತಾನಾಗಿ ನೆಲಕ್ಕೆ ಬೀಳುವವರೆಗೆ ಕಾಯಿರಿ.